ಪುಷ್ಕರಕ್ಕೆ ಎರಡು ಸುತ್ತು

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಹೂವತ್ತೆ ಪುಷ್ಕರದ ಸರೋವರದ ಮೆಟ್ಟಿಲ ಮೇಲಿದ್ದಳು. ಏಳು ಗಂಟೆ ಹದಿನೈದು ನಿಮಿಷಕ್ಕೆ ಇರಲಿಲ್ಲ. ನನ್ನ ಕೈಗಡಿಯಾರ ಮಾವನವರು ಮದುವೆಯಲ್ಲಿ ಕೊಟ್ಟದ್ದು; ದಿನಕ್ಕೆರಡು ನಿಮಿಷ ಮುಂದೆ ಓಡುವುದು ಅದರ ಸ್ವಭಾವ. ಆದ್ದರಿಂದ ಏಳೂ ಹತ್ತು ಎಂಬುದು ಏಳೂ ಎಂಟು ಇದ್ದರೂ ಇರಬಹುದು. ಆದರೆ ನಡುವಿನ ಐದು ನಿಮಿಷ ಮಾತ್ರ ಖಂಡಿತವಾಗಿ ಐದೇ ನಿಮಿಷ. ಆ ಐದು ನಿಮಿಷಗಳನ್ನು ನಾನು ಈಗಲೂ ದಿನಕ್ಕೆ ಒಂದು ಸಲವಾದರೂ ಹೊರತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಒಳಗಿಡುತ್ತೇನೆ. ಬಿಡುವಿಲ್ಲದ ದಿನ ತರಗತಿಯಲ್ಲಿ ಹುಡುಗರಿಗೆ ನಕ್ಷೆ ಬರೆಯಲು ಹಚ್ಚಿ ನೋಡಿಕೊಳ್ಳುತ್ತೇನೆ.

ಮೊದಲು ಒಂದು ಸ್ಪಷ್ಟೀಕರಣ ಕೊಡಬೇಕು. ನಾನು ಸಾಗರದಲ್ಲಿ ಹೈಸ್ಕೂಲು ಮೇಷ್ಟ್ರು, ಪಾಠ ಹೇಳುವುದು ಭೂಗೋಳ. ಊರಿಗೆ ಮರಳಿದ ಮೇಲೆ ಅಧ್ಯಾಪಕರ ಕೊಠಡಿಯಲ್ಲಿ, "ಯಾತ್ರೆಯಲ್ಲಿ ನಮ್ಮ ಅತ್ತೆ ಕಳೆದುಹೋಗಿದ್ದಳು" ಎಂದು ಶುರುಮಾಡಿದೆ. ಮದುವೆಯಾದ ಸಹೋದ್ಯೋಗಿಗಳೆಲ್ಲ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಒಬ್ಬರಂತೂ, "ಯಾವ ಊರು ಅಂದ್ರಿ ಸಾರ್? ರೈಲು ಎಲ್ಲಿಂದ ಹತ್ತಬೇಕು?" ಎಂದು ಬರೆದುಕೊಳ್ಳಲು ಸೀಮೆಸುಣ್ಣವನ್ನೇ ಎತ್ತಿದರು. ಕಳೆದುಹೋದವಳು ಹೆಂಡತಿಯ ತಾಯಿಯಲ್ಲ, ನನ್ನ ಅಪ್ಪನ ಅಕ್ಕ ಎಂದು ತಿಳಿದಾಗ ಕುರ್ಚಿಗಳು ಅಷ್ಟೇ ಬೇಗ ಸ್ವಸ್ಥಾನಕ್ಕೆ ಮರಳಿದವು. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಹೋದಳು. ಆಮೇಲೆ ನನ್ನನ್ನು ಬೆಳೆಸಿದವಳು ಹೂವತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದವಳು ನನ್ನನ್ನು ಸೊಂಟದ ಮೇಲೆ ಹೊತ್ತು ಹಳ್ಳ ದಾಟಿಸಿ ಶಾಲೆಗೆ ಬಿಡುತ್ತಿದ್ದಳು. ನಾನು ಬಿ.ಎ. ಮಾಡಿದ್ದು ಮೈಸೂರಿನಲ್ಲಾದರೂ ಅದರ ಬಹುಪಾಲು ಭಾರ ಹೊತ್ತದ್ದು ಆ ಸೊಂಟವೇ.

ನಮ್ಮೂರು ಬ್ಯಾಕೋಡಿನ ಹತ್ತಿರ ಒಂದು ಕೊಳ್ಳದಲ್ಲಿತ್ತು. 'ಇತ್ತು' ಎಂದು ಬೇಕೆಂದೇ ಬರೆದಿದ್ದೇನೆ. ಶರಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಹಿನ್ನೀರಿನ ತಳಕ್ಕೆ ಹೋಯಿತು. ಕೆಲವರು ಹೊಸನಗರದ ಕಡೆ ಹೋದರು, ಕೆಲವರು ಅಲ್ಲೇ ಗುಡ್ಡ ಹತ್ತಿ ಹೊಸ ಸೂರು ಮಾಡಿಕೊಂಡರು. ಹೂವತ್ತೆ ಒಂದು ಟ್ರಂಕು ಮತ್ತು ಬಾವಿಯ ಹಗ್ಗ ಹಿಡಿದುಕೊಂಡು ಸಾಗರದ ನನ್ನ ಬಾಡಿಗೆ ಮನೆಗೆ ಬಂದಳು. "ಇಲ್ಲಿ ನಲ್ಲಿ ಇದೆ ಅತ್ತೆ, ಹಗ್ಗ ಯಾಕೆ?" ಎಂದೆ. "ಬಾವಿ ತರಕ್ಕಾಗ್ಲಿಲ್ಲ ಕಣಾ" ಎಂದಳು. ಅಂದಿನಿಂದ ಅವಳು ಎರಡು ವಿಷಯಗಳನ್ನು ಬಿಟ್ಟುಬಿಟ್ಟಳು: ಒಂದು, ನೀರಿನ ಮುಖ ನೋಡುವುದು. ಇನ್ನೊಂದು, ನಿದ್ದೆ. ಜನರೆಲ್ಲ ಹೊನ್ನೆಮರಡಿನ ಕಡೆ ಹೊಸ ನೀರು ನೋಡಲು ಬುತ್ತಿ ಕಟ್ಟಿಕೊಂಡು ಹೋಗುವಾಗ ಇವಳು ಮಾತ್ರ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂರುತ್ತಿದ್ದಳು. ರಾತ್ರಿ ಎಷ್ಟೊತ್ತಿಗೆ ಕರೆದರೂ ಮೊದಲ ಕೂಗಿಗೇ "ಹ್ಞಾಂ" ಎನ್ನುತ್ತಿದ್ದಳು. ವೈದ್ಯರು ಕೊಟ್ಟ ಗುಳಿಗೆಯನ್ನು ಎರಡು ದಿನ ನುಂಗಿ, "ಇದ್ರಿಂದ ಎಚ್ಚರ ಇನ್ನೂ ಚೆನ್ನಾಗಿ ಆಗ್ತದೆ" ಎಂದು ಎಸೆದಳು.

ಹೀಗಿರುವಾಗ ಹೊಸನಗರದ ಹೆಗಡೆಯವರು ಉತ್ತರದೇಶದ ಯಾತ್ರೆಗೆ ಜನ ಕೂಡಿಸತೊಡಗಿದರು. ಅವರು ನಿವೃತ್ತ ಪೋಸ್ಟ್‌ಮಾಸ್ಟರು. ಕಾಗದಗಳನ್ನು ಊರೂರಿಗೆ ಕಳಿಸಿ ಕಳಿಸಿ ಬೇಸರವಾಗಿ ಈಗ ಮನುಷ್ಯರನ್ನು ಕಳಿಸಲು ಹೊರಟಿದ್ದರು. ನಮ್ಮ ಮನೆಗೂ ಬಂದು ಒಂದೊಂದೇ ಕ್ಷೇತ್ರವನ್ನು ಬಣ್ಣಿಸಿದರು. ಕಾಶಿಗೆ ಹೂವತ್ತೆ ಮುಖ ತಿರುಗಿಸಿದಳು, ಪ್ರಯಾಗಕ್ಕೆ ಎದ್ದು ಒಳಗೆ ಹೋದಳು. ಪುಷ್ಕರದ ಕಥೆ ಬಂದಾಗ ಮಾತ್ರ ಬಾಗಿಲಲ್ಲೇ ನಿಂತಳು. ಬ್ರಹ್ಮನ ಕೈಯಿಂದ ತಾವರೆ ಜಾರಿ ಬಿದ್ದ ಜಾಗದಲ್ಲಿ ನೀರು ಚಿಮ್ಮಿ ಸರೋವರವಾಯಿತು ಎಂದರು ಹೆಗಡೆಯವರು.

"ಅಲ್ಲಿ ಮೊದ್ಲು ಯಾರ ಮನೆ ಇತ್ತು?" ಎಂದಳು ಹೂವತ್ತೆ.

"ಯಾರದ್ದೂ ಇಲ್ಲ ಹೂವಮ್ಮ. ಬರೀ ಮರಳುಗಾಡು."

"ಗದ್ದೆ? ದೇವಸ್ಥಾನ?"

"ಬ್ರಹ್ಮನೇ ಆಗಷ್ಟೇ ಬಂದಿದ್ದ. ದೇವಸ್ಥಾನ ಎಲ್ಲಿಂದ ಬರಬೇಕು?"

"ನೋಟೀಸು ಕೊಟ್ಟಿದ್ರಾ?"

"ಬ್ರಹ್ಮ ಎಂತ ನೋಟೀಸು ಕೊಡ್ತಾನೆ ಮಾರಾಯ್ತಿ!" ಎಂದು ಹೆಗಡೆಯವರು ನಕ್ಕರು. ಹೂವತ್ತೆ ನಗಲಿಲ್ಲ. ಬಾಗಿಲು ಬಿಟ್ಟು ಹೊರಗೆ ಬಂದು ಹೇಳಿದಳು: "ಯಾರ ಮನೆನೂ ಮುಳುಗಿಸ್ದೆ ಇರೋ ನೀರು ಒಂದಾದ್ರೂ ಇದೆ ಅಂದ್ರೆ, ನೋಡ್ಕಂಡ್ ಬರ್ತೀನಿ."

ನಾನೂ ನನ್ನ ಹೆಂಡತಿ ಶಾರದೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವತ್ತೇ ಹೆಸರು ಬರೆಸಿದೆವು. ಸಾಗರದಲ್ಲಿ ರೈಲು ಹತ್ತಿ, ಬೀರೂರು, ಪುಣೆ, ಮುಂಬಯಿ, ಅಹಮದಾಬಾದು ಎಂದು ಗಾಡಿ ಬದಲಿಸುತ್ತ ಅಜ್ಮೀರಕ್ಕೆ ಹೋದ ಆ ಪ್ರಯಾಣದ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ನಾವು ಹನ್ನೆರಡು ಮಂದಿ, ಮೂರು ತಾಲ್ಲೂಕಿನವರು. ಸಾಗರದವರಿಗೆ ತಮ್ಮ ಊರಿನ ರೈಲಿನ ಹೆಮ್ಮೆ, ಹೊಸನಗರದವರಿಗೆ ಹೆಗಡೆಯವರ ಹೆಮ್ಮೆ, ತೀರ್ಥಹಳ್ಳಿಯವರಿಗೆ ತುಂಗೆಯ ಹೆಮ್ಮೆ. ನನ್ನ ಹೆಂಡತಿ ತೀರ್ಥಹಳ್ಳಿಯವಳು. ದಾರಿಯಲ್ಲಿ ಸಿಕ್ಕ ಪ್ರತಿ ಸೇತುವೆಯ ಮೇಲೂ ಕಿಟಕಿಯಿಂದ ಬಗ್ಗಿ ನೋಡಿ, "ಇದೆಂತ ಹೊಳೆ? ನಮ್ಮ ತುಂಗೆ ಬೇಸಿಗೇಲೂ ಇದಕ್ಕಿಂತ ದೊಡ್ಡದಿರ್ತದೆ" ಎಂದು ತೀರ್ಪು ಕೊಡುತ್ತಿದ್ದಳು. ನರ್ಮದೆ ಬಂದಾಗ ಮಾತ್ರ ಅವಳಿಗೆ ನಿದ್ದೆ ಬಂದಿತ್ತು, ಅಥವಾ ಬಂದಂತೆ ಮಾಡಿದಳು.

ಅಜ್ಮೀರದಿಂದ ಬಸ್ಸು ಒಂದು ಬೋಳು ಗುಡ್ಡ ಹತ್ತಿ ಇಳಿದರೆ ಪುಷ್ಕರ. ಸಂಜೆಯ ಬಿಸಿಲಲ್ಲಿ ಬಿಳಿಯ ಮನೆಗಳು, ಗುಡಿಗಳು, ಅವುಗಳ ನಡುವೆ ಸದ್ದಿಲ್ಲದ ನೀರು. ನಮ್ಮ ಕಡೆಯ ನೀರು ಹೀಗಲ್ಲ, ಏನಾದರೊಂದು ಮಾತಾಡುತ್ತಲೇ ಇರುತ್ತದೆ. ಇದು ಬಾಯಿಬಿಡದ ನೀರು. ಹೂವತ್ತೆ ಮೂರು ವರ್ಷಗಳಲ್ಲಿ ಮೊದಲ ಸಲ ನೀರನ್ನು ನೇರವಾಗಿ ನೋಡಿದಳು. ಆಮೇಲೆ ಮೆಲ್ಲಗೆ, "ಈ ನೀರಲ್ಲಿ ಮಲಗಿದ್ರೆ ಚೆನ್ನಾಗಿ ನಿದ್ದೆ ಬರ್ಬಹುದು, ಅಲ್ಲನಾ ಸೀನ?" ಎಂದಳು. ನಾನು ಶ್ರೀನಿವಾಸ. ಸೀನ ಎಂದು ಕರೆಯುವವಳು ಈಗ ಅವಳೊಬ್ಬಳೇ. "ಹೌದತ್ತೆ, ಒಳ್ಳೇ ತಂಪಿದೆ" ಎಂದು ಪದ್ಯ ಕೇಳಿದವನಂತೆ ತಲೆದೂಗಿದೆ. ಆ ಮಾತಿಗೆ ಬೇರೊಂದು ಅರ್ಥವೂ ಇರಬಹುದೆಂದು ಹೊಳೆಯಲು ನನಗೆ ಮರುದಿನ ಬೆಳಿಗ್ಗೆ ಏಳೂಕಾಲು ಗಂಟೆಯಾಗಬೇಕಾಯಿತು.

ಈಗ ಆ ಐದು ನಿಮಿಷಕ್ಕೆ ಬರುತ್ತೇನೆ. ಶಾರದೆ ನಸುಕಿನಲ್ಲೇ ಮಿಂದು ಧರ್ಮಶಾಲೆಗೆ ಹಿಂದಿರುಗಿ ಎಲ್ಲರಿಗೂ ಅವಲಕ್ಕಿ ಕಲಸುತ್ತಿದ್ದಳು. ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು: "ನೀವು ಬೇರೆ ಏನೂ ಮಾಡ್ಬೇಡಿ. ಅತ್ತೆನ ನೋಡ್ಕಳಿ, ಅಷ್ಟೆ." ನಾನು ನೋಡಿಕೊಳ್ಳುತ್ತಲೇ ಇದ್ದೆ. ಹೂವತ್ತೆ ಕೆಳಗಿನ ಮೆಟ್ಟಿಲಲ್ಲಿ ಕೂತು ಹಿತ್ತಾಳೆ ತಂಬಿಗೆಯಿಂದ ನೀರು ಸುರಿದುಕೊಂಡು, ಮೇಲೆ ಬಂದು ಒಣ ಸೀರೆ ಉಟ್ಟು, ನಮ್ಮ ಕಡೆಯ ರೀತಿಯಲ್ಲಿ ಹೆಗಲ ಮೇಲೆ ಗಂಟು ಹಾಕಿಕೊಂಡಳು. ಅಷ್ಟರಲ್ಲಿ ಹೆಗಡೆಯವರು, "ಅಲ್ಲ ಮೇಷ್ಟ್ರೆ, ಸುತ್ತ ಮರಳು. ಇಲ್ಲಿ ಇಷ್ಟು ನೀರು ಹೆಂಗೆ ನಿಲ್ತು?" ಎಂದು ಕೇಳಿಬಿಟ್ಟರು. ಭೂಗೋಳದ ಮೇಷ್ಟ್ರಿಗೆ ಈ ಪ್ರಶ್ನೆ ಕೇಳಿ ಐದು ನಿಮಿಷದೊಳಗೆ ಬಿಡುಗಡೆಯಾದವರು ಲೋಕದಲ್ಲಿಲ್ಲ. ನಾನು ಒದ್ದೆ ಕಲ್ಲಿನ ಮೇಲೆ ಬೆರಳಿನಿಂದ ಬೆಟ್ಟ ಬರೆದೆ, ಬೆಟ್ಟದ ನಡುವೆ ತಗ್ಗು ಬರೆದೆ, ಮಳೆ ಬೀಳಿಸಿದೆ. ಒಳನಾಡಿನ ಸರೋವರಗಳ ಮೂರು ವಿಧಗಳಲ್ಲಿ ಎರಡನ್ನು ವಿವರಿಸಿ ತಲೆಯೆತ್ತಿದರೆ ಹೂವತ್ತೆ ಇರಲಿಲ್ಲ.

ಕೆಳಗಿನ ಮೆಟ್ಟಿಲ ಮೇಲೆ ಅವಳ ಒದ್ದೆ ಸೀರೆ ಇತ್ತು, ಅದರ ಮೇಲೆ ತಂಬಿಗೆ ಇತ್ತು. ಅದರ ಮುಂದೆ ನೀರಿತ್ತು. ನೀರು ಮೊದಲಿನ ಹಾಗೆಯೇ ಬಾಯಿಬಿಡದೆ ಕೂತಿತ್ತು.

ಆಗ ನನ್ನ ಕಿವಿಯಲ್ಲಿ ನಿನ್ನೆಯ ಮಾತು ಕೇಳಿಸಿತು. ಹೆಗಡೆಯವರು ನನ್ನ ಭುಜ ಹಿಡಿದು ಏನೂ ಆಗುವುದಿಲ್ಲ ಎನ್ನಲು ಗಾಬರಿಯಲ್ಲಿ ತಮ್ಮ ಮನೆಮಾತಿಗೇ ಇಳಿದರು: "ಎಂತೂ ಆಗ್ತಿಲ್ಲೆ, ಎಂತೂ ಆಗ್ತಿಲ್ಲೆ." ಆಮೇಲೆ ನನಗೆ ಧೈರ್ಯ ತುಂಬಲೆಂದು, "ಇದ್ರಲ್ಲಿ ಹಿಂದೆ ಮೊಸಳೆ ಇದ್ದವಂತೆ, ಈಗ ಇಲ್ಲವಂತೆ ಮೇಷ್ಟ್ರೆ" ಎಂದು ಸೇರಿಸಿದರು. ಅಲ್ಲಿಯವರೆಗೆ ನನಗೆ ಮೊಸಳೆಯ ನೆನಪೇ ಇರಲಿಲ್ಲ. ಮುಳುಗಿದಳೇ ಎಂಬ ಒಂದೇ ಚಿಂತೆಯಿಂದ ಹಾಯಾಗಿದ್ದ ನನಗೆ ಎರಡನೆಯದನ್ನು ದಯಪಾಲಿಸಿ, ಅವರು ಧರ್ಮಶಾಲೆಯ ಕಡೆ ಓಡಿದರು, ಅತ್ತೆ ಅಲ್ಲಿಗೆ ಬಂದರೆ ಹಿಡಿದಿಟ್ಟುಕೊಳ್ಳಲು ಶಾರದೆಗೆ ಹೇಳಿಬರುತ್ತೇನೆಂದು.

ನಾನು ಸೀರೆಯನ್ನೂ ತಂಬಿಗೆಯನ್ನೂ ಬಾಚಿಕೊಂಡು ದಡದ ಮೇಲೆ ಹೊರಟೆ. ಯಾಕೆ ಬಾಚಿಕೊಂಡೆ? ಗೊತ್ತಿಲ್ಲ. ಅವಳದ್ದೆಂದು ಅಷ್ಟಾದರೂ ಕೈಯಲ್ಲಿರಲಿ ಎನಿಸಿತು. ಪುಷ್ಕರದ ಸರೋವರಕ್ಕೆ ಸುತ್ತಲೂ ಮೆಟ್ಟಿಲುಗಳು, ಒಂದು ಘಾಟು ಮುಗಿದಲ್ಲಿ ಇನ್ನೊಂದು ಶುರು. ಎಲ್ಲವೂ ಬಿಳಿ, ಎಲ್ಲದರ ಮೇಲೂ ಪಾರಿವಾಳ, ಎಲ್ಲದರಲ್ಲೂ ಜನ. ಹಳದಿ, ಕೆಂಪು ಮುಸುಕಿನ ಸಾವಿರ ಹೆಂಗಸರ ನಡುವೆ ಹೆಗಲ ಮೇಲೆ ಗಂಟಿರುವ ಒಂದು ಹಸಿರು ಸೀರೆ ಹುಡುಕಬೇಕು. ನಾನು ನೀರನ್ನೂ ನೋಡಬೇಕು, ಜನರನ್ನೂ ನೋಡಬೇಕು. ಎರಡು ಕಣ್ಣು ಇರುವುದು ಒಂದೇ ಕಡೆ ನೋಡಲಿಕ್ಕೆ ಎಂದು ದೇವರು ಯಾಕೆ ನಿಯಮ ಮಾಡಿದನೋ.

ನನಗೆ ಹಿಂದಿ ಬರುತ್ತದೆಂಬ ನಂಬಿಕೆ ಯಾತ್ರೆಯ ಉದ್ದಕ್ಕೂ ನಮ್ಮ ತಂಡದಲ್ಲಿತ್ತು. ನಾನೇ ಹುಟ್ಟಿಸಿದ್ದು. ಪುಸ್ತಕದಲ್ಲಿ ಓದಿದ್ದು ರೈತ, ಹಸು, ಹಿಮಾಲಯ ಇಷ್ಟೇ. ಕಳೆದುಹೋದ ಅತ್ತೆಯ ಪಾಠ ಅದರಲ್ಲಿರಲಿಲ್ಲ. ಒಬ್ಬ ಪಂಡಾ, ಅಂದರೆ ತೀರ್ಥದ ಪುರೋಹಿತ, ಕೊಡೆಯ ಕೆಳಗೆ ಕೂತಿದ್ದ. ಅವನ ಮುಂದೆ ನಿಂತು, ಒದ್ದೆ ಸೀರೆ ತೋರಿಸಿ, "ನಮ್ಮ ಅತ್ತೆ ಇಲ್ಲ" ಎಂದು ಹಿಂದಿಯಲ್ಲಿ ಹೇಳಿದೆ. ಪಾಪ, ಒಳ್ಳೆಯ ಮನುಷ್ಯ. ಮುಖ ಸಣ್ಣದು ಮಾಡಿಕೊಂಡು ನನ್ನ ಕೈ ಹಿಡಿದು ಕೂರಿಸಿದ, ಹೆಸರು ಕೇಳಿದ. ಹೇಳಿದೆ. ಗೋತ್ರ ಕೇಳಿದ. ಹುಡುಕಲು ಗೋತ್ರ ಯಾಕೆ ಎಂದುಕೊಳ್ಳುತ್ತಿರುವಾಗಲೇ ನನ್ನ ಬೆರಳಿಗೆ ದರ್ಭೆ ಬಂತು. ಎದುರಿನ ಎಲೆಯ ಮೇಲೆ ಹಿಟ್ಟಿನ ಉಂಡೆಗಳು ಕಂಡವು. ಒಂದು ಕ್ಷಣ ನಾನು ಆ ಉಂಡೆಗಳನ್ನೇ ನೋಡಿದೆ. ಇವತ್ತಿಗೂ ನನಗೆ ನೀರು ಕನಸಿಗೆ ಬರುವುದಿಲ್ಲ, ಮೊಸಳೆ ಬರುವುದಿಲ್ಲ. ಆ ಉಂಡೆಗಳು ಬರುತ್ತವೆ. ದರ್ಭೆ ಕಿತ್ತೆಸೆದು ಎದ್ದು ಓಡಿದೆ. ಆತ ಹಿಂದಿನಿಂದ ಏನೋ ಸಮಾಧಾನ ಹೇಳುತ್ತಿದ್ದ.

ಹೀಗೆ ಒಂದು ಸುತ್ತು ಮುಗಿಯಿತು. ಸುತ್ತು ಮುಗಿದದ್ದು ನನಗೆ ಗೊತ್ತಾದದ್ದು ಅದೇ ಪಂಡಾ ಮತ್ತೆ ಎದುರಾದಾಗ. ಎರಡನೆಯ ಸುತ್ತು ಹೊರಟೆ. ಸೀರೆ ಹೆಗಲ ಮೇಲಿತ್ತು, ಅದರ ನೀರು ನನ್ನ ಪಂಚೆಗೆ ಇಳಿದಿತ್ತು. ಕೈಯಲ್ಲಿ ತಂಬಿಗೆ, ಬಾಯಲ್ಲಿ 'ಅತ್ತೆ, ಅತ್ತೆ' ಎಂಬ ಜಪ. ಯಾವುದೋ ಕಠಿಣವಾದ ಹರಕೆ ತೀರಿಸುತ್ತಿದ್ದಾನೆಂದು ಜನ ದಾರಿ ಬಿಟ್ಟರು. ಒಬ್ಬಳು ಅಜ್ಜಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳು ಬಗ್ಗಿದ್ದಾಗ ಹೆಗಲು ನೋಡಿದೆ, ಗಂಟಿರಲಿಲ್ಲ.

ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಒಂಬತ್ತೂವರೆ. ಶುರುಮಾಡಿದ ಘಾಟಿನಲ್ಲೇ ಶಾರದೆ ನಿಂತಿದ್ದಳು. ಕಾದು ಕಾದು ಸಾಕಾಗಿ, ಧರ್ಮಶಾಲೆಯ ಬಾಗಿಲಲ್ಲಿ ಹೆಗಡೆಯವರನ್ನು ಕೂರಿಸಿ ಬಂದಿದ್ದಳು. ಅವಳು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಹೆಗಲನ್ನು.

"ಇದು ಅತ್ತೆ ಸೀರೆ ಅಲ್ಲನಾ? ಎಲ್ಲಿತ್ತು?"

"ಇಲ್ಲೇ. ನೀರಿನ ಹತ್ರ." ನನಗೆ ಅಳು ಬಂತು. "ಸೀರೆ ಬಿಟ್ಟು ಹೋಗ್ಬಿಟ್ಲು ಶಾರದಾ."

ಅವಳು ಸೀರೆ ಎಳೆದುಕೊಂಡು ಅಂಚು ಹಿಡಿದು ನೋಡಿದಳು. "ಹೆಂಗಿತ್ತು? ಮುದ್ದೆಯಾಗಿ ಬಿದ್ದಿತ್ತಾ?"

"ಇಲ್ಲ. ಹರವಿತ್ತು. ಮೇಲೆ ತಂಬಿಗೆ ಇಟ್ಟಿತ್ತು."

"ಹಿಂಡಿ, ಹರವಿ, ಗಾಳಿಗೆ ಹಾರ್ಬಾರ್ದು ಅಂತ ತಂಬಿಗೆ ಇಟ್ಟಿದಾರೆ." ಅವಳ ಧ್ವನಿ ಏರತೊಡಗಿತು. "ಸಾಯಕ್ಕೆ ಹೋಗೋರು ಯಾರಾದ್ರೂ ಸೀರೆ ಹಿಂಡಿ ಒಣಗಿಸ್ತಾರೇನ್ರೀ? ಒಣಗೋದ್ರೊಳಗೆ ಬರ್ತೀನಿ ಅಂತ ಎಲ್ಲೋ ಹೋಗಿದಾರೆ. ಗುರುತಿಗೆ ಅಂತ ಇಟ್ಟದ್ದನ್ನ ನೀವು ಹೆಗಲ ಮೇಲೆ ಹಾಕ್ಕಂಡು ಊರೆಲ್ಲ ತಿರುಗ್ತಿದೀರಲ್ಲ! ಎಲ್ಲಾ ಮೆಟ್ಲೂ ಒಂದೇ ಥರ ಇದೆ. ಅವರಿಗೆ ಜಾಗ ಹೆಂಗೆ ಗೊತ್ತಾಗ್ಬೇಕು?"

ನಾನು ಬಿ.ಎ. ಮಾಡಿದವನು. ತರ್ಕಶಾಸ್ತ್ರ ನನಗೊಂದು ಐಚ್ಛಿಕ ವಿಷಯವಾಗಿತ್ತು. ಅವಳು ಏಳನೆಯ ತರಗತಿ. ಅತ್ತೆ ಬದುಕಿರಬಹುದು ಎಂಬ ಆಸೆ ಆ ಹಿಂಡಿದ ಸೀರೆಯ ಮಡಿಕೆಗಳಿಂದ ನನ್ನೊಳಗೆ ಏರಿತು. ಅದರ ಬೆನ್ನಿಗೇ ನಾಚಿಕೆಯೂ ಬಂತು.

"ಈಗ ಏನ್ ಮಾಡಾಣ?" ಎಂದೆ.

"ಏನ್ ಮಾಡಾದು? ಕೂ ಹಾಕಿ."

ಇದನ್ನು ಬಯಲುಸೀಮೆಯ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು, ಕೊಳ್ಳಕ್ಕೊಂದು. ದನ ಕಟ್ಟಲು ಹೋದವನನ್ನು ಊಟಕ್ಕೆ ಕರೆಯಬೇಕಾದರೆ, ಕಾಡಿನಲ್ಲಿ ಜೊತೆಯವರು ತಪ್ಪಿದರೆ, ಹೆಸರು ಹಿಡಿದು ಕೂಗಿದರೆ ಕೇಳುವುದಿಲ್ಲ. ಅಂಗೈ ಬಾಯಿಗೆ ಅಡ್ಡ ಹಿಡಿದು ಹೊಟ್ಟೆಯ ತಳದಿಂದ 'ಕೂ' ಎಂದು ಎಳೆಯುತ್ತೇವೆ. ಪ್ರತಿ ಮನೆಗೂ ಅದರದೇ ರಾಗ. ಇಂಥವರ ಕೂ ಎಂದು ಹಟ್ಟಿಯ ನಾಯಿಗೂ ಗೊತ್ತು. ನನಗೂ ಬರುತ್ತಿತ್ತು. ಮೈಸೂರಿನ ಹಾಸ್ಟೆಲಿಗೆ ಸೇರಿದ ಮೊದಲ ವಾರ, ಊಟದ ಹೊತ್ತಿಗೆ ತೀರ್ಥಹಳ್ಳಿಯ ಗೆಳೆಯನೊಬ್ಬನನ್ನು ಕರೆಯಲು ಎರಡನೆಯ ಮಹಡಿಯಿಂದ ಒಂದು ಕೂ ಹಾಕಿದೆ. ಗೆಳೆಯ ಬಂದ. ಅವನ ಜೊತೆ ವಾರ್ಡನ್ನೂ ಕಾವಲುಗಾರನೂ ಪಕ್ಕದ ಬೀದಿಯ ಇಬ್ಬರೂ ಬಂದರು. ಅಂದಿನಿಂದ ನಾನು ಸುಸಂಸ್ಕೃತನಾದೆ. ಮತ್ತೆ ಕೂ ಹಾಕಿರಲಿಲ್ಲ.

"ಇಲ್ಲೇನಾ? ಇಷ್ಟು ಜನರ ಮುಂದೆ? ಪುಣ್ಯಕ್ಷೇತ್ರ ಮಾರಾಯ್ತಿ" ಎಂದೆ.

"ಹೌದು, ಮರ್ಯಾದೆ ಮುಖ್ಯ. ಅತ್ತೆ ಇನ್ನೊಂದು ತರಾಣ" ಎಂದಳು ಶಾರದೆ.

ಮೊದಲನೆಯ ಕೂ ಬಿಸಿ ಪಾಯಸ ಬಾಯಿಗಿಟ್ಟುಕೊಂಡವನ ಶಬ್ದದಂತೆ ಬಂತು. ಪಕ್ಕದಲ್ಲಿ ಮೀಯುತ್ತಿದ್ದ ಶೇಟಜಿಯೊಬ್ಬರು ಕನಿಕರದಿಂದ ನೋಡಿದರು. ಎರಡನೆಯದಕ್ಕೆ ನಾನು ಕಣ್ಣು ಮುಚ್ಚಿದೆ. ಹಿಟ್ಟಿನ ಉಂಡೆಗಳು ಕಂಡವು. ಆಗ ಎಲ್ಲಿಂದ ಬಂತೋ ಗೊತ್ತಿಲ್ಲ, ಹದಿನೈದು ವರ್ಷ ಒಳಗಿಟ್ಟಿದ್ದ ಕೂ ಒಟ್ಟಿಗೇ ಹೊರಟಿತು. ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಧ್ಯಾನಕ್ಕೆ ಕೂತಿದ್ದ ಸಾಧು ಒಂದು ಕಣ್ಣು ತೆರೆದ. ಮೇಲಿನ ಬೀದಿಯಲ್ಲಿ ಒಂದು ಒಂಟೆ ಕತ್ತು ತಿರುಗಿಸಿ ನೋಡಿತು. ಮಂತ್ರ, ಗಂಟೆ, ವ್ಯಾಪಾರ, ಎಲ್ಲ ನಿಂತು ಇಡೀ ಪುಷ್ಕರ ನನ್ನ ಕಡೆ ತಿರುಗಿತು. ಆ ಮೌನದಲ್ಲಿ, ಸರೋವರದ ಸರಿಯಾಗಿ ಆಚೆ ದಡದಿಂದ, ನೀರಿನ ಮೇಲೆ ಜಾರಿಕೊಂಡು ಬಂತು: ಉದ್ದವಾಗಿ ಎಳೆದು ಕೊನೆಗೆ ಸ್ವಲ್ಪ ಮೇಲಕ್ಕೆ ತಿರುಗುವ, ನಮ್ಮ ಮನೆಯ ಕೂ.

ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಶಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚೆ ದಡದಲ್ಲಿ ಎಳ್ಳಿನಷ್ಟು ಹಸಿರು ಕೈ ಬೀಸುತ್ತಿತ್ತು. ನಾನು ಎದ್ದು ಓಡಲು ಹೊರಟೆ. ಶಾರದೆ ತೋಳು ಹಿಡಿದಳು.

"ಎಲ್ಲಿಗೆ?"

"ಅತ್ತೆ ಹತ್ರ."

"ಈ ಕಡೆಯಿಂದ್ಲೇ ಯಾಕೆ?"

"ಇದೇ ಅಲ್ವಾ ಪ್ರದಕ್ಷಿಣೆ?" ಎಂದೆ. ಎಂದ ಮೇಲೆ ನನಗೇ ಹೊಳೆಯಿತು.

ಹೂವತ್ತೆಯೂ ಪ್ರದಕ್ಷಿಣೆಯೇ ಹೊರಟಿದ್ದಳು. ದೇವರಿಗಾಗಲಿ ತೀರ್ಥಕ್ಕಾಗಲಿ ಎಡದಿಂದ ಸುತ್ತುವವರು ನಮ್ಮಲ್ಲಿ ಯಾರೂ ಇಲ್ಲ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ; ಆದರೆ ನನ್ನ ಕಾಲುಗಳು ಕಾಲೇಜಿಗೆ ಹೋಗಿರಲಿಲ್ಲ. ಅವಳು ಮುಂದೆ, ನಾನು ಹಿಂದೆ, ಇಬ್ಬರದೂ ಮಲೆನಾಡಿನ ಒಂದೇ ನಡಿಗೆ. ಎರಡು ಗಂಟೆ ಕಾಲ ಇಬ್ಬರೂ ಒಂದೇ ಕೆರೆಯನ್ನು ಒಂದೇ ಕಡೆಯಿಂದ ಸುತ್ತಿದ್ದೆವು. ಎರಡನೆಯ ಸುತ್ತಿನಲ್ಲಿ ಅವಳು ತನ್ನ ಸೀರೆ ಹುಡುಕುತ್ತಿದ್ದಳು, ನಾನು ಆ ಸೀರೆ ಹೊತ್ತುಕೊಂಡು ಅವಳನ್ನು ಹುಡುಕುತ್ತಿದ್ದೆ. ಭೂಮಿ ದುಂಡಗಿದೆ, ಯಾವ ದಿಕ್ಕಿಗೆ ಹೊರಟರೂ ಹೊರಟಲ್ಲಿಗೇ ಬರುತ್ತೀರಿ ಎಂದು ವರ್ಷಕ್ಕೆ ನೂರು ಹುಡುಗರಿಗೆ ಹೇಳುತ್ತೇನೆ.

"ನೀವು ಇಲ್ಲೇ ನಿಲ್ಲಿ, ಅಲ್ಲಾಡ್ಬೇಡಿ" ಎಂದಳು ಶಾರದೆ. "ನಾನು ಆ ಕಡೆಯಿಂದ ಹೋಗ್ತೀನಿ. ಪಾಪ ಬಂದ್ರೆ ನನಗೆ ಬರ್ಲಿ, ಊರಿಗೆ ಹೋಗಿ ತುಂಗೇಲಿ ತೊಳ್ಕತೀನಿ." ಎದುರು ಬರುವ ಭಕ್ತರನ್ನೆಲ್ಲ ತಳ್ಳಿಕೊಂಡು ಎಡಗಡೆಯಿಂದ ನಡೆದೇಬಿಟ್ಟಳು. ಅರ್ಧ ಗಂಟೆಯಲ್ಲಿ ಹೂವತ್ತೆಯ ಕೈ ಹಿಡಿದು ಕರೆತಂದಳು.

ನಾನು ಏನೇನೋ ಬೈಯಬೇಕೆಂದಿದ್ದೆ. ಅವಳೇ ಮೊದಲು ಬೈದಳು. "ನನ್ ಸೀರೆ ನೀನ್ ಯಾಕೋ ತಗಂಡೆ? ಈ ಊರಲ್ಲಿ ಕಳ್ರಿದಾರೆ ಅಂತ ಇದ್ದಬದ್ದೋರಿಗೆಲ್ಲ ಬೈಕಂಡ್ ಬಂದೆನಲ್ಲ ನಾನು!"

"ನೀನು ಎಲ್ಲಿಗೆ ಹೋಗಿದ್ದೆ ಅತ್ತೆ?"

ಅವಳು ಮೆಟ್ಟಿಲ ಮೇಲೆ ಕೂತಳು. ಕಾಲಿನ ಹೆಬ್ಬೆರಳಿಂದ ಒದ್ದೆ ಕಲ್ಲನ್ನು ಸವರಿದಳು. "ಸ್ನಾನ ಮಾಡಿ ಎದ್ದೆ. ಕೆಳಗೆ ನೋಡ್ದೆ. ಮೆಟ್ಲು ನೀರೊಳಗೆ ಇಳ್ಕಂಡ್ ಹೋಗಿತ್ತು. ನಮ್ಮೂರ ಈಶ್ವರ ದೇವಸ್ಥಾನದ ಮೆಟ್ಲೂ ಹಿಂಗೇ ಅಲ್ಲನಾ, ದಿನಕ್ಕೊಂದೊಂದು ಒಳಗೆ ಹೋಗಿದ್ದು? ಹೆಗಡೇರು ಸುಳ್ಳು ಹೇಳಿ ಕರ್ಕಂಡ್ ಬಂದಿದಾರೆ, ಇದ್ರಡೀಲೂ ಒಂದು ಊರಿದೆ ಅನ್ಸ್ತು. ಒಂದ್ ಸುತ್ತು ನೋಡ್ಕಂಡೇ ಬರಾಣ ಅಂತ ಹೋದೆ. ಎಲ್ಲಾದ್ರೂ ಒಂದ್ ಸೂರು, ಒಂದ್ ಮರದ ತುದಿ ಕಾಣ್ತದೇನೋ ಅಂತ."

ಶಾರದೆ ನೀರಿನ ಕಡೆ ಬಗ್ಗಿ ನೋಡಿದಳು.

"ಎಂತೂ ಇಲ್ಲ ಕಣಾ. ಸುತ್ತಾನೂ ಮೆಟ್ಲೇ. ಯಾರೋ ಬೇಕಂತ್ಲೇ ಕಟ್ಟಿದಾರೆ. ನೀರು ಬಂದು ಮೆಟ್ಲು ಮುಳುಗಿದ್ದಲ್ಲ, ನೀರಿಗೋಸ್ಕರ ಮೆಟ್ಲು ಮಾಡಿದ್ದು. ಇಳ್ಯಕ್ಕೂ ಆಗ್ತದೆ, ಹತ್ತಕ್ಕೂ ಆಗ್ತದೆ." ಅವಳು ತಂಬಿಗೆ ತೆಗೆದುಕೊಂಡು ಬಗ್ಗಿ ನೀರು ತುಂಬಿಕೊಂಡಳು. "ಚೆನ್ನಾಗಿದೆ ಜಾಗ. ಅವಲಕ್ಕಿ ಉಳಿದಿದ್ಯಾ?"

ಆ ರಾತ್ರಿ ಧರ್ಮಶಾಲೆಯಲ್ಲಿ ಹೂವತ್ತೆ ಮಲಗಿದ ಕೂಡಲೇ ನಿದ್ದೆ ಹೋದಳು. ಯಾತ್ರೆ ಫಲ ಕೊಟ್ಟಿತು ಎಂದು ಶಾರದೆ ಕೈಮುಗಿದಳು. ಆದರೆ ನಮ್ಮ ಮನೆಯಲ್ಲಿ ಎಚ್ಚರವಾಗಿರುವ ಹುದ್ದೆಯೊಂದು ತೆರವಾಯಿತಲ್ಲ, ಅದಕ್ಕೆ ನಾನು ನೇಮಕವಾದೆ. ಸಾಗರಕ್ಕೆ ಬಂದ ಮೇಲೂ ಅಷ್ಟೆ. ಕಣ್ಣು ಮುಚ್ಚಿದರೆ ಉಂಡೆಗಳು. ಎದ್ದು ಹೋಗಿ ಅವಳ ಚಾಪೆಯ ಹತ್ತಿರ ಬಗ್ಗಿ, ಮೂಗಿನ ಮುಂದೆ ಅಂಗೈ ಹಿಡಿದು, ಉಸಿರು ಬಿಸಿಯಾಗಿ ತಾಗಿದ ಮೇಲೆ ಬಂದು ಮಲಗುತ್ತಿದ್ದೆ. ಗಂಟೆಗೊಂದು ಸಲ. ಮೊದಲೆರಡು ದಿನ ಅವಳಿಗೆ ಗೊತ್ತಾಗಲಿಲ್ಲ. ಮೂರನೆಯ ದಿನದಿಂದ, ಕಣ್ಣು ಮುಚ್ಚಿಕೊಂಡೇ, "ಇದೀನಿ ಕಣಾ. ಹೋಗಿ ಮಲ್ಕ" ಎನ್ನತೊಡಗಿದಳು. ಆ ಸದ್ದಿಗೆ ಶಾರದೆಗೂ ಎಚ್ಚರ. ಹೀಗೆ ಒಂದು ತಿಂಗಳು ನಮ್ಮ ಮನೆಯಲ್ಲಿ ಮೂವರೂ ಸರದಿಯ ಮೇಲೆ ನಿದ್ದೆಗೆಟ್ಟೆವು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಹೂವತ್ತೆ ಕೈಚೀಲ ಹಿಡಿದು ನಿಂತಳು. "ನಾನು ಬ್ಯಾಕೋಡಿನ ಕಡೆ ಹೋಗ್ತೀನಿ. ಭಾಗಿ ಗುಡ್ಡದ ಮೇಲೆ ಮನೆ ಕಟ್ಕಂಡಿದಾಳಂತೆ, ನೋಡ್ಕಂಡ್ ಬರ್ತೀನಿ." ಭಾಗಿ ಎಂದರೆ ಮುಳುಗಿದ ಊರಿನಲ್ಲಿ ನಮ್ಮ ಪಕ್ಕದ ಮನೆಯಾಕೆ. ಅಲ್ಲಿಗೆ ಹೋಗಲು ಹಿನ್ನೀರು ದಾಟಬೇಕು. ಮೂರು ವರ್ಷ ಬೆನ್ನು ತಿರುಗಿಸಿ ಕೂತವಳು ತಾನಾಗಿಯೇ ಆ ನೀರಿನ ಮೇಲೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಸಂತೋಷಪಡಬೇಕಾದ ನಾನು ಅಂಗಿ ಹಾಕಿಕೊಂಡು ವಾದ ಮಾಡುತ್ತ ದಡದವರೆಗೂ ಹಿಂದೆ ಹೋದೆ. ದೋಣಿಯಲ್ಲಿ ಆಗಲೇ ಏಳೆಂಟು ಜನ, ಎರಡು ಮೂಟೆ ಅಕ್ಕಿ, ಒಂದು ಕುರಿ. ನಾನು ಅಂಬಿಗನಿಗೆ ದೋಣಿಯ ವಯಸ್ಸು ಕೇಳಿದೆ, ಅವನ ವಯಸ್ಸು ಕೇಳಿದೆ, ನೀರಿನ ಆಳ ಕೇಳಿದೆ.

"ಅತ್ತೆ, ದೋಣಿ ಮುಳುಗಿದ್ರೆ?"

"ಮುಳುಗಿದ್ರೆ ಎಂತ? ಸೀದಾ ನಮ್ಮನೆ ಅಂಗಳಕ್ಕೇ ಹೋಗಿ ಇಳೀತೀನಿ" ಎಂದಳು. ದೋಣಿಯಲ್ಲಿದ್ದ ಮುಳುಗಡೆಯ ಜನವೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಆ ನೀರಿನ ಮೇಲೆ ಯಾರಾದರೂ ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು.

ದೋಣಿ ಆಚೆ ದಡ ಮುಟ್ಟುವವರೆಗೂ ನಿಂತು ನೋಡಿ, ಮನೆಗೆ ಬಂದು, ರಾತ್ರಿ ಊಟ ಮಾಡಿ ಮಲಗಿದೆ. ಎದ್ದಾಗ ಸೋಮವಾರ, ಶಾಲೆಯ ಎರಡನೆಯ ಗಂಟೆ ಹೊಡೆದಿತ್ತು. ಹಾಲಿನವಳು ಬಾಗಿಲು ಬಡಿದು ಬಡಿದು ಸೋತು ಹೋಗಿದ್ದಳು, ಶಾರದೆ ಇನ್ನೂ ಮಗ್ಗುಲು ಬದಲಿಸುತ್ತಿದ್ದಳು. ನಾನು ಅಂಗೈ ಹಿಡಿದು ನೋಡಬೇಕಾದ ಮೂಗು ಆ ರಾತ್ರಿ ಮನೆಯಲ್ಲಿ ಇರಲಿಲ್ಲವಲ್ಲ. ಕಾಯಿಲೆ ಯಾರದ್ದಾಗಿತ್ತು ಎಂಬುದು ನನಗೆ ಸ್ವಲ್ಪ ಸ್ವಲ್ಪವಾಗಿ ಅರ್ಥವಾಗತೊಡಗಿತು.

ಪೂರ್ತಿ ಅರ್ಥವಾದದ್ದು ಮಧ್ಯಾಹ್ನ, ಆಚೆ ದಡದಿಂದ ಸಂತೆಗೆ ಬಂದಿದ್ದ ಭಾಗಿಯ ಗಂಡ ಸುದ್ದಿ ತಂದಾಗ. ಹೂವತ್ತೆಯೂ ಅಲ್ಲಿ ಬೆಳಗಾದರೂ ಎದ್ದಿರಲಿಲ್ಲವಂತೆ. ಬಿಸಿಲು ಅಂಗಳಕ್ಕೆ ಬಂದರೂ ಮಿಸುಕದ್ದನ್ನು ಕಂಡು ಹೆದರಿದ ಭಾಗಿ ಮೆಲ್ಲಗೆ ಬಗ್ಗಿ ಅವಳ ಮೂಗಿನ ಹತ್ತಿರ ಕೈ ಹಿಡಿದಳಂತೆ. ಹೂವತ್ತೆ ಕಣ್ಣು ಬಿಡದೆಯೇ ಹೇಳಿದಳಂತೆ:

"ಥೂ ಸೀನ, ಇಲ್ಲಿಗೂ ಬಂದ್ಯಾ?"